ಖಣದ ಪಟ್ಟಿ

ತಂಗಿ ಮನುಷ್ಯಳಲ್ಲ ಎಂಬ ತೀರ್ಪನ್ನು ಮಹಾನಂದಾ ಓದಿದ್ದು ಒಂದು ಮಂಗಳವಾರ, ಹನ್ನೊಂದು ಗಂಟೆಯ ಗಿರ್ಮಿಟ್ ಬರುವ ಹೊತ್ತಿಗೆ. ಹುಬ್ಬಳ್ಳಿಯ ಆ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಅಂಥ ಕೆಂಪು ಸಾಲುಗಳು ದಿನಕ್ಕೆ ಸಾವಿರಾರು ಹರಿದು ಹೋಗುತ್ತಿದ್ದವು, ಯಾರೂ ತಲೆ ಎತ್ತುತ್ತಿರಲಿಲ್ಲ. ಅವಳು ಎತ್ತಿದ್ದೂ ಪೊಟ್ಟಣ ತೆಗೆದುಕೊಳ್ಳಲಿಕ್ಕೆ. ಕಣ್ಣಿಗೆ ಬಿದ್ದದ್ದು ಇಷ್ಟು: ನೀಲಾಂಬಿಕಾ ಚನ್ನವೀರ ಮುಳಗುಂದ, ಧಾರವಾಡ. ನಡೆ: ಯಂತ್ರದ್ದು. ಪ್ರಯತ್ನ: ಒಂದು. ಚುರುಮುರಿಯ ಪೊಟ್ಟಣ ಬಿಚ್ಚದೆ ಕೈಯಲ್ಲೇ ಉಳಿಯಿತು.

ಆಗಿನ ಕಾಲಕ್ಕೆ ನಾಡಿನ ಕೆಲಸವೆಲ್ಲ ಒಂದೇ ಜಾಲತಾಣದಲ್ಲಿ ನಡೆಯುತ್ತಿತ್ತು. ಅದರ ಹೆಸರು ದ್ವಾರ. ರೇಷನ್, ಆಸ್ಪತ್ರೆಯ ಸರದಿ, ರೈಲಿನ ಪಾಸು, ಶಾಲೆಯ ದಾಖಲಾತಿ, ಹುಟ್ಟು, ಸಾವು, ಎಲ್ಲವೂ ಅದರೊಳಗೆ. ಕಚೇರಿಗಳಲ್ಲಿ ಅರ್ಜಿ ಕೊಡುವ ಕಿಟಕಿಗಳನ್ನು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಕಳ್ಳ ತಂತ್ರಾಂಶಗಳು ಈ ದ್ವಾರಕ್ಕೆ ನುಗ್ಗಿ, ಇಲ್ಲದ ಒಂಬತ್ತು ಲಕ್ಷ ಜನರನ್ನು ಹುಟ್ಟಿಸಿ, ಅವರ ಹೆಸರಿನಲ್ಲಿ ಆಸ್ಪತ್ರೆಯ ಔಷಧಿಯನ್ನೆಲ್ಲ ಬಾಚಿಕೊಂಡಿದ್ದವು. ಇನ್ಸುಲಿನ್ ಸಿಗದೆ ನಿಜವಾದ ಜನ ಸತ್ತರು. ಅದಾದ ಮೇಲೆ ಬಂದದ್ದೇ ನಡೆಗುರುತು, ಜಾರಿಯಾಗಿ ಎರಡು ತಿಂಗಳೂ ಆಗಿರಲಿಲ್ಲ.

ನಡೆಗುರುತು ನಿಮ್ಮ ಮುಖ ಕೇಳುತ್ತಿರಲಿಲ್ಲ, ಹೆಬ್ಬೆಟ್ಟು ಕೇಳುತ್ತಿರಲಿಲ್ಲ. ಅವನ್ನೆಲ್ಲ ಕಳ್ಳರು ಆಗಲೇ ಕದ್ದಿದ್ದರು. ನೀವು ಜಾಲತಾಣದೊಳಗೆ ಹೇಗೆ ನಡೆದಾಡುತ್ತೀರಿ ಎಂದು ಮಾತ್ರ ಅದು ನೋಡುತ್ತಿತ್ತು. ಬೆರಳು ಎಲ್ಲಿ ತಡವರಿಸಿತು, ಯಾವ ಗುಂಡಿಯ ಹತ್ತಿರ ಹೋಗಿ ಹಿಂದೆ ಸರಿಯಿತು, ಎರಡು ಒತ್ತುಗಳ ನಡುವೆ ಎಷ್ಟು ಹೊತ್ತು ಹೋಯಿತು. ಯಂತ್ರ ನೆಟ್ಟಗೆ ಹೋಗುತ್ತದೆ, ಮನುಷ್ಯ ಅನುಮಾನಿಸುತ್ತ ಹೋಗುತ್ತಾನೆ. ಮೂರು ಸಲ ಯಂತ್ರವೆಂದು ಕಂಡರೆ ಖಾತೆ ಮುಚ್ಚುತ್ತಿತ್ತು. ಮತ್ತೆ ತೆರೆಯಬೇಕಾದರೆ ಒಡಹುಟ್ಟಿದವರೋ ಹೆತ್ತವರೋ ಗಂಡಹೆಂಡಿರೋ, ಅದೂ ತಾವು ಆ ಪರೀಕ್ಷೆ ದಾಟಿದವರು, ಇವರು ಮನುಷ್ಯರೇ ಎಂದು ಸಾಕ್ಷಿ ಹೇಳಬೇಕು. ದ್ವಾರದ ನೌಕರರು ಮಾತ್ರ ಯಾರಿಗೂ ಸಾಕ್ಷಿ ಹೇಳುವಂತಿರಲಿಲ್ಲ.

ಮಹಾನಂದಾ ಆ ಜಾಲತಾಣದ ಸರ್ವಸುಗಮ ವಿಭಾಗದ ಮುಖ್ಯಸ್ಥೆ. ಕಣ್ಣಿಲ್ಲದವರು, ಕಿವಿ ಕೇಳದವರು, ಕೈ ನಡುಗುವವರು ಎಲ್ಲರೂ ಬಳಸುವಂತೆ ಅದನ್ನು ತಿದ್ದುವುದು ಅವಳ ಕೆಲಸ. ಹನ್ನೊಂದು ವರ್ಷ ಅದಕ್ಕೆ ಜೀವ ತೇದಿದ್ದಳು. ಪ್ರತಿ ಚಿತ್ರಕ್ಕೂ ಮಾತಿನ ವಿವರಣೆ, ಪ್ರತಿ ಗುಂಡಿಗೂ ಓದಿ ಹೇಳಬಹುದಾದ ಹೆಸರು, ಮೌಸ್ ಮುಟ್ಟದೆ ಕೀಲಿಗಳಿಂದಲೇ ಎಲ್ಲ ಕಡೆ ಹೋಗಿಬರುವ ದಾರಿ. ಹುಟ್ಟುಗುರುಡಿಯಾದ ತಂಗಿ ನೀಲಾಳೇ ಒಮ್ಮೆ, "ನಿನ್ನ ದ್ವಾರದಾಗ ಕಾಲಿಗೆ ಒಂದ ಹರಳ ಹತ್ತೂದಿಲ್ಲ ನೋಡಕ್ಕಾ" ಎಂದಿದ್ದಳು. ಆ ಮಾತನ್ನು ಮಹಾನಂದಾ ಪ್ರಶಸ್ತಿಪತ್ರದಂತೆ ಇಟ್ಟುಕೊಂಡಿದ್ದಳು.

ಸಂಜೆ ಧಾರವಾಡದ ಬಸ್ಸು ಹತ್ತಿ ಮಾಳಮಡ್ಡಿಯ ತಂಗಿಯ ಮನೆಗೆ ಹೋದಳು. ಬಾಣಂತಿಯ ಮನೆ, ಲೋಬಾನದ ಹೊಗೆ ಇನ್ನೂ ಆಡುತ್ತಿತ್ತು. ಇಪ್ಪತ್ತು ದಿನದ ಹೆಣ್ಣುಕೂಸು ತೊಟ್ಟಿಲಲ್ಲಿತ್ತು. ಹದಿಮೂರನೆಯ ದಿನ ಅಜ್ಜಿಯ ಹೆಸರನ್ನೇ ಕಿವಿಯಲ್ಲಿ ಊದಿ ಕಾಶವ್ವ ಎಂದು ಕರೆದಿದ್ದರು. ಎರಡೂ ಕಡೆ ಹೆತ್ತವರು ತೀರಿಹೋಗಿದ್ದರು; ಚನ್ನವೀರನಿಗೆ ಒಡಹುಟ್ಟಿದವರೂ ಇಲ್ಲದ್ದಕ್ಕೆ ಸೋದರತ್ತೆಯ ಜಾಗದಲ್ಲಿ ಕೂತು ಕೂಸಿನ ಕಿವಿಯಲ್ಲಿ ಕುರ್ರ್ ಎಂದವಳೂ ಮಹಾನಂದಾಳೇ.

"ಇವರ ಮೂರೂ ಸಲ ಮುಗದಾವ ಅಕ್ಕಾ," ಎಂದಳು ನೀಲಾ, ಗಂಡನ ಕಡೆ ಕೈ ಮಾಡಿ. "ಇವತ್ತ ನಂದೊಂದು ಹೋತು."

ಚನ್ನವೀರನಿಗೂ ಕಣ್ಣಿಲ್ಲ. ರೈಲು ನಿಲ್ದಾಣದ ವಿಚಾರಣೆಯ ಮೇಜಿನಲ್ಲಿ ಕೂತು, ದಿನಕ್ಕೆ ಐನೂರು ಜನಕ್ಕೆ ದಾರಿ ಹೇಳುವವನು. "ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನೂಹಂಗ ಆಗೇತ್ರಿ ಅಕ್ಕಾರ," ಎಂದ. "ಜಾಲತಾಣ ಒಳಗ ಬಾ ಅಂತೈತಿ, ನಡೆಗುರುತು ಹೊರಗ ನಿಂದ್ರು ಅಂತೈತಿ."

"ನನಗ ಯಾಕ ಮೊದಲ ಹೇಳಲಿಲ್ಲೋ?"

"ನಿಮ್ಮ ಕೆಲಸಕ್ಕ ಕುತ್ತ ತರೂದು ಬ್ಯಾಡ ಅಂದ್ಲು ನಿಮ್ಮ ತಂಗಿ."

ಹುಟ್ಟಿದ ಮಗುವನ್ನು ನಲವತ್ತೈದು ದಿನದೊಳಗೆ ತಾಯಿಯೋ ತಂದೆಯೋ ದ್ವಾರದಲ್ಲಿ ನೋಂದಾಯಿಸಬೇಕು. ಇಲ್ಲದಿದ್ದರೆ ಪಾಲಕರಿಲ್ಲದ ಮಗುವೆಂದು ದಾಖಲಾಗಿ, ಶಿಶುಪಾಲನಾ ಕೇಂದ್ರದ ವಾಹನ ಮನೆ ಬಾಗಿಲಿಗೆ ಬರುತ್ತದೆ. ಇಲ್ಲದ ಮಕ್ಕಳನ್ನು ಹುಟ್ಟಿಸಿದ ಕಳ್ಳರಿಗೆಂದು ಮಾಡಿದ ಕಾನೂನು ಅದು. ಹೆತ್ತವರಿಬ್ಬರೂ ಸರ್ಕಾರದ ಕಣ್ಣಿಗೆ ಯಂತ್ರವಾದರೆ ಕೂಸಿನ ಗತಿ ಏನೆಂದು ಅದರಲ್ಲಿ ಬರೆದಿರಲಿಲ್ಲ.

"ಹೆಂಗ ಮಾಡಿದಿ ತೋರಸು," ಎಂದಳು ಮಹಾನಂದಾ.

ನೀಲಾ ಖಾಲಿ ನಮೂನೆಯೊಂದನ್ನು ತೆರೆದಳು. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮಾತಾಡತೊಡಗಿತು. ಅದು ಮಾತೇ ಆಗಿರಲಿಲ್ಲ, ಡಬ್ಬಿಗೆ ಜೋಳ ಸುರಿದ ಸಪ್ಪಳ. ನೀಲಾಳ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೈ ಅದು. ದಿನಕ್ಕೆ ಮುನ್ನೂರು ಪುಟ ಓದಿ ಒಂದು ಚುಕ್ಕಿ ತಪ್ಪಾಗಿದ್ದರೂ ಹಿಡಿಯುತ್ತಿತ್ತು. ಕಣ್ಣಿದ್ದವರು ಹತ್ತು ನಿಮಿಷ ತೆಗೆದುಕೊಳ್ಳುವ ನಮೂನೆ ನಲವತ್ತು ಸೆಕೆಂಡಿಗೆ ತುಂಬಿತು. ಒಂದು ಕಡೆಯೂ ತಡವರಿಸಲಿಲ್ಲ, ಒಂದು ಸಲವೂ ಹಿಂದೆ ಬರಲಿಲ್ಲ.

ತಂಗಿ ಇಷ್ಟು ಬೇಗ ಓದುತ್ತಾಳೆಂದು ಮಹಾನಂದಾಳಿಗೆ ಗೊತ್ತೇ ಇರಲಿಲ್ಲ.

"ಮೌಸ್ ಹಿಡದು ನಾನs ಮಾಡಿಬಿಡ್ಲೇನು ನಿನ್ನ ಹೆಸರಲೆ?"

"ಆಮ್ಯಾಲೆ? ಅದು ನಿನ್ನ ನಡಿಗಿ ನೆನಪ ಇಟಗೋತೈತಿ. ನಾಳೆ ಕೂಸಿಗೆ ಲಸಿಕೆ ಹಾಕಸಾಕ ನಾ ಬಂದ್ರ ಕಳ್ಳಿ ಬಂದಾಳಂತೈತಿ. ಜೀವನಪೂರ್ತಿ ನೀನs ನನ್ನ ಕೈ ಆಗಿ ಕುಂದರತೀ ಏನು?"

ಅದಕ್ಕೆ ಮಹಾನಂದಾ ಬೇರೆ ದಾರಿ ಹೇಳಿದಳು. ನಿಧಾನ ಮಾಡು. ಪ್ರತಿ ಗುಂಡಿಗೂ ಮೂರು ಎಣಿಸು. ನಡುನಡುವೆ ತಪ್ಪು ಮಾಡು, ಹಿಂದೆ ಹೋಗು, ಮತ್ತೆ ಬಾ. ನೀಲಾ ತೊಟ್ಟಿಲಿಗೆ ಕೈ ಚಾಚಿ ಒಮ್ಮೆ ತೂಗಿದಳು. ಆಮೇಲೆ, "ಕೂಸಿನ ಸಲುವಾಗಿ ಮಾಡ್ತೀನಿ," ಎಂದಳು.

ಮರುದಿನ ನಿಯಂತ್ರಣ ಕೊಠಡಿಯಲ್ಲಿ ಮಹಾನಂದಾ ಆ ಸಾಲು ಬರುವುದನ್ನೇ ಕಾಯುತ್ತ ಕೂತಳು. ಬಂತು, ಕೆಂಪಾಗಿಯೇ ಬಂತು, ಮೊದಲಿಗಿಂತ ಕಡುಗೆಂಪಾಗಿ. ನೀಲಾ ಹೇಳಿದಂತೆಯೇ ಮಾಡಿದ್ದಳು: ಪ್ರತಿ ಗುಂಡಿಗೂ ಸರಿಯಾಗಿ ಮೂರು, ಐದು ಗುಂಡಿಗೊಂದು ತಪ್ಪು. ಕರಡು ತಿದ್ದುವವಳಿಗೆ ತಪ್ಪು ಮಾಡುವುದನ್ನೂ ತಪ್ಪಿಲ್ಲದೆ ಮಾಡಿ ರೂಢಿ. ಗಡಿಯಾರದ ಹಾಗೆ ನಡೆದರೆ ನಡೆಗುರುತು ಇನ್ನೇನು ಹೇಳೀತು? ಪ್ರಯತ್ನ: ಎರಡು.

ಫೋನಿನಲ್ಲಿ ನೀಲಾ ಅಳಲಿಲ್ಲ, ಸಿಟ್ಟಾದಳು. "ಅಕ್ಕಾ, ನಾ ಇದ್ದಂಗ ಇದ್ರ ಯಂತ್ರ. ಹೆಳವಿಯ ಸೋಗ ಹಾಕಿದ್ರೂ ಯಂತ್ರ. ಹಂಗಾರ ನಿಮ್ಮ ಪ್ರಕಾರ ಕುರುಡರು ಅಂದ್ರ ಯಾರು? ಯಾರನ್ನ ನೋಡಿ ಕಲತೈತಿ ಅದು?"

ಯಾರನ್ನು ನೋಡಿ ಕಲಿತಿದೆ ಎಂಬುದು ಮಹಾನಂದಾಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ನೆನಪಿಗೆ ತಂದುಕೊಂಡಿರಲಿಲ್ಲ, ಅಷ್ಟೇ.

ಅವಳ ಮೇಜಿನ ಕೆಳಗಿನ ಖಾನೆಯಲ್ಲಿ ನಲವತ್ತು ಪಟ್ಟಿಗಳಿದ್ದವು, ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣದಲ್ಲಿ ಹೊಲಿಸಿದವು, ಹಿಂದೆ ಕಟ್ಟಲು ಲಾಡಿ. ತಿಂಗಳಿಗೊಮ್ಮೆ ಪರೀಕ್ಷೆಯ ದಿನ ಇಡೀ ಕಚೇರಿ ಆ ಪಟ್ಟಿಯಿಂದ ಕಣ್ಣು ಕಟ್ಟಿಕೊಂಡು ದ್ವಾರವನ್ನು ಬಳಸುತ್ತಿತ್ತು. ಕಣ್ಣುಮುಚ್ಚಾಲೆಯ ನಗು, ಕುರ್ಚಿಗೆ ಡಿಕ್ಕಿ, ಚಹಾ ಚೆಲ್ಲುವುದು. ಸ್ಕ್ರೀನ್ ರೀಡರಿನ ದನಿಯನ್ನು ಮಗುವಿಗೆ ಹೇಳಿದಷ್ಟು ನಿಧಾನ ಮಾಡಿಕೊಂಡು, ಕೀಲಿ ತಡಕಾಡಿ, ತಪ್ಪಿ, ಹಿಂದೆ ಬಂದು, ಕೊನೆಗೆ ನಮೂನೆ ಮುಗಿಸಿ ಚಪ್ಪಾಳೆ ತಟ್ಟುವುದು. ಆ ನಲವತ್ತು ಜನರ ತಡಕಾಟವನ್ನೇ ನಡೆಗುರುತಿಗೆ ಕೊಟ್ಟು, ನೋಡಪ್ಪಾ, ಕುರುಡರು ಹೀಗೆ ನಡೆಯುತ್ತಾರೆ ಎಂದು ಕಲಿಸಿದ್ದರು.

ನಿಜವಾದ ಕುರುಡರನ್ನು ಯಾಕೆ ಕರೆಯಲಿಲ್ಲ? ಕೆಟ್ಟತನದಿಂದಲ್ಲ. ಪಾಪ, ಮೂರು ಮಾಳಿಗೆ ಹತ್ತಿ ಬರಬೇಕು, ಲಿಫ್ಟ್ ಇಲ್ಲ, ಯಾಕೆ ತ್ರಾಸು ಕೊಡುವುದು ಎಂಬ ಮರ್ಯಾದೆಯಿಂದ. ಮಹಾನಂದಾ ತಂಗಿಯನ್ನೂ ಕರೆದಿರಲಿಲ್ಲ. ಚಿಕ್ಕಂದಿನಿಂದ ಕೈ ಹಿಡಿದು ನಡೆಸಿದವಳಿಗೆ ತಂಗಿಯ ಕುರುಡು ತನಗೆ ತಿಳಿದೇ ಇದೆ ಎಂಬ ಧೈರ್ಯ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಈಗ ಅದೇ ತಂಗಿಯ ಮಡಿಲಿಂದ ಕೂಸನ್ನು ಒಯ್ಯುವ ಹಾಗಾಯಿತಲ್ಲ ಎಂದು ಅವಳಿಗೆ ನಾಚಿಕೆಯೂ ಹೆದರಿಕೆಯೂ ಒಟ್ಟಿಗೇ ಆದವು.

ಅವಳು ಹೋಗಿ ಕೇಳಿದಾಗ ಮುಖ್ಯ ಅಧಿಕಾರಿ ವಾಮನರಾವ್ ಗಲಗಲಿ ಕಡತ ತೆಗೆದು ತೋರಿಸಿದರು. ನಡೆಗುರುತನ್ನು ತಂದವರೇ ಅವರು. ಇನ್ಸುಲಿನ್ ಸಿಗದೆ ಸತ್ತವರಲ್ಲಿ ಅವರ ಅಣ್ಣನೂ ಒಬ್ಬ.

"ನೋಡ್ರಿ ಮಹಾನಂದಾ ಅವರ, ದೃಷ್ಟಿಹೀನರೊಳಗ ನೂರಕ್ಕ ತೊಂಬತ್ತೆಂಟು ಮಂದಿ ಪಾಸ್ ಆಗ್ಯಾರ. ಕಾಗದದ ಮ್ಯಾಲೆ ಅದ."

"ಆ ದೃಷ್ಟಿಹೀನರು ನಾವs ಸರ. ನೀವು, ನಾನು."

"ನಿಮ್ಮ ತಂಗಿಯೊಬ್ಬಾಕಿ ಸಲುವಾಗಿ ಬಾಗಲಾ ಸಡಲ ಮಾಡಿದ್ರ ಆ ಕಳ್ಳರು ಮತ್ತ ಒಳಗ ಬರ್ತಾರ. ಪುರಾವೆ ಬೇಕರಿ, ಪುರಾವೆ. ಮುಂದಿನ ತಿಂಗಳ ಪರಿಶೀಲನಾ ಸಮಿತಿ ಬರ್ತದ, ಅವರು ಹೇಳಿದ್ರಷ್ಟs ನಡೆಗುರುತ ಮುಟ್ಟಲಿಕ್ಕೆ ಬರ್ತದ. ಅಂದಹಾಂಗ ಪ್ರದರ್ಶನ ನೀವs ಮಾಡ್ರಿ. ಕಣ್ಣ ಕಟಗೊಂಡು ನಿಮ್ಮಷ್ಟು ಛಂದ ಯಾರಿಗೂ ಬರೂದಿಲ್ಲ."

ಗಲಗಲಿಯವರು ಆ ಮಾತನ್ನು ಮೆಚ್ಚುಗೆಯಿಂದಲೇ ಹೇಳಿದ್ದು. ಮಹಾನಂದಾ ದಿನ ಎಣಿಸಿದಳು. ಸಮಿತಿ ಬರುವ ದಿನಕ್ಕೆ ಕಾಶವ್ವನಿಗೆ ನಲವತ್ಮೂರು ತುಂಬುತ್ತಿತ್ತು.

ಆ ಸಂಜೆ ತಂಗಿಯ ಮುಂದೆ ಕೂತು, "ನನಗ ಕಲಸು," ಎಂದಳು.

"ಏನ ಕಲಸ್ಲಿ?"

"ನೀ ಹೆಂಗ ಓದತೀ ಅದನ್ನ. ಅದೊಂದs ನಮೂನಿ. ಮೂರು ವಾರದಾಗ."

ನೀಲಾ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು. "ಹಗಲಗನಸ ಕಾಣಬ್ಯಾಡ. ನಿನಗ ಕಿವಿ ಅದಾವೋ ಇಲ್ಲೋ ಮೊದಲ ನೋಡೂಣು."

ಅಂದಿನಿಂದ ದಿನಾ ಸಂಜೆ ಕಚೇರಿ ಬಿಟ್ಟು ಧಾರವಾಡ. ಪರದೆಯನ್ನು ಆರಿಸಿಬಿಡುವುದು ನೀಲಾಳ ಮೊದಲ ಪಾಠ. ಇದ್ದರೆ ಕಣ್ಣು ಅತ್ತ ಓಡುತ್ತದೆ. ಮೊದಲ ವಾರ ಜೋಳದ ಸಪ್ಪಳ ಜೋಳದ ಸಪ್ಪಳವಾಗಿಯೇ ಉಳಿಯಿತು. ಮಹಾನಂದಾಳ ತಲೆ ಸಿಡಿಯುತ್ತಿತ್ತು. "ಪೂರಾ ಶಬ್ದಾ ಕೇಳಬ್ಯಾಡ," ಎನ್ನುತ್ತಿದ್ದಳು ನೀಲಾ, ಕೂಸಿಗೆ ಹಾಲು ಕುಡಿಸುತ್ತ. "ಮೊದಲಿನ ಚೂರ ಕೇಳಿದಿ ಅಂದ್ರ ಮುಂದ ಏನೈತಿ ತಿಳೀತೈತಿ. ಓಣ್ಯಾಗ ಯಾರ ಬಂದ್ರು ಅಂತ ಚಪ್ಪಲಿ ಸಪ್ಪಳದ ಮ್ಯಾಲೆ ಹೇಳೂದಿಲ್ಲೇನು ನಾನು? ಹಂಗs." ಎರಡನೆಯ ವಾರದ ಒಂದು ಸಂಜೆ ಆ ಸಪ್ಪಳದೊಳಗಿಂದ 'ತಾಯಿಯ ಹೆಸರು' ಎಂಬುದು ತಾನಾಗಿ ಎದ್ದು ಬಂತು. ಮಹಾನಂದಾ ಕೂಗಿಬಿಟ್ಟಳು. ಕೂಸು ಬೆಚ್ಚಿ ಅತ್ತಿತು.

ಚನ್ನವೀರ ನಿಲ್ದಾಣದಿಂದ ಬಂದವನೇ ತೊಟ್ಟಿಲೊಳಗೆ ಕೈಯಿಟ್ಟು ಕೂಸು ಇದೆಯೋ ಎಂದು ನೋಡುತ್ತಿದ್ದ. ಓಣಿಯಲ್ಲಿ ಯಾವುದೇ ವಾಹನ ನಿಂತ ಸಪ್ಪಳವಾದರೆ ಗಂಡಹೆಂಡಿರಿಬ್ಬರೂ ಉಸಿರು ಹಿಡಿಯುತ್ತಿದ್ದರು. ಮಹಾನಂದಾಳಿಗೆ ಆಗ ಕಲಿಯುವುದೂ ಬೇಡ, ಎಲ್ಲಿಗಾದರೂ ಓಡಿಹೋಗೋಣ ಎನ್ನಿಸುತ್ತಿತ್ತು.

ಮೂರನೆಯ ವಾರದ ಕೊನೆಗೆ ಆ ಒಂದು ನಮೂನೆಯನ್ನು ಐವತ್ತೈದು ಸೆಕೆಂಡಿಗೆ ಮುಗಿಸಿದಳು. "ನಡಿತೈತಿ," ಎಂದಳು ನೀಲಾ. "ಶ್ಯಾಣ್ಯಾ ಕುರುಡಿ ಅಲ್ಲ, ಸಾದಾ ಕುರುಡಿ ಆಗೀದಿ."

ಸಮಿತಿ ಬಂದ ದಿನ ಸಭಾಂಗಣ ತುಂಬಿತ್ತು. ಅಧ್ಯಕ್ಷೆ ತಂಗಮ್ಮನವರು ನಿವೃತ್ತ ನ್ಯಾಯಾಧೀಶೆ, ಕೊಡಗಿನವರು, ಮಾತು ಕಡಿಮೆ. ಗಲಗಲಿಯವರು ಹನ್ನೊಂದು ವರ್ಷದ ಸಾಧನೆಯನ್ನು ಹನ್ನೊಂದೇ ನಿಮಿಷದಲ್ಲಿ ಹೇಳಿದರು. ಆಮೇಲೆ ಮಹಾನಂದಾ ಮುಂದೆ ಬಂದು ಖಣದ ಪಟ್ಟಿಯನ್ನು ಕಣ್ಣಿಗೆ ಕಟ್ಟಿಕೊಂಡಳು. ರೂಢಿಯ ಚಪ್ಪಾಳೆ ಬಿತ್ತು.

"ಪರೀಕ್ಷೆಯ ಖಾತೆ ಬೇಡ," ಎಂದಳು ಅವಳು. "ನನ್ನ ಸ್ವಂತ ಖಾತೆಯಲ್ಲೇ ಮಾಡುತ್ತೇನೆ. ಜನನ ನೋಂದಣಿಯ ನಮೂನೆ. ಕೊನೆಯ ಸಲ್ಲಿಕೆ ಮಾತ್ರ ಮಾಡುವುದಿಲ್ಲ."

ಗಲಗಲಿಯವರು ಹುಬ್ಬು ಗಂಟಿಕ್ಕಿದರು, ಬೇಡ ಎನ್ನಲಿಲ್ಲ.

ಧ್ವನಿವರ್ಧಕದಲ್ಲಿ ಜೋಳ ಸುರಿಯತೊಡಗಿತು. ಜನ ಮುಖಮುಖ ನೋಡಿಕೊಂಡರು. ಯಂತ್ರ ಕೆಟ್ಟಿತೆಂದು ಒಬ್ಬ ಎದ್ದು ತಂತಿ ಮುಟ್ಟಲು ಹೋದ. ಮಹಾನಂದಾಳಿಗೆ ಅದು ಯಾವುದೂ ಕಾಣಲಿಲ್ಲ. ಕಿವಿಗೆ ಚೂರುಗಳು ಬರುತ್ತಿದ್ದವು, ಬೆರಳು ಮುಂದೆ ಹೋಗುತ್ತಿತ್ತು. ಎಲ್ಲೋ ನಡುವೆ ತಂಗಿಯ ಮನೆಯ ಲೋಬಾನದ ವಾಸನೆ ಬಂದಂತಾಯಿತು. ಐವತ್ತೊಂದು ಸೆಕೆಂಡು.

ದ್ವಾರ ತನ್ನ ಎಂದಿನ ಸೌಮ್ಯ ದನಿಯಲ್ಲಿ ಹೇಳಿತು: "ಕ್ಷಮಿಸಿ. ಇದು ಮನುಷ್ಯರ ನಡೆಯಲ್ಲ. ಇನ್ನೆರಡು ಪ್ರಯತ್ನಗಳು ಉಳಿದಿವೆ."

"ಮಹಾನಂದಾ ಅವರ, ಸಾಕರಿ," ಎಂದರು ಗಲಗಲಿ.

ಅವಳು ಮತ್ತೆ ಶುರು ಮಾಡಿದಳು. ಎರಡನೆಯ ಸಲವೂ ಅದೇ ಮಾತು. ಮೂರನೆಯ ಸಲ ಕೀಲಿಗಳ ಮೇಲೆ ಬೆರಳಿಟ್ಟಳು. ಖಾತೆ ಮುಚ್ಚಿದರೆ ತಾನು ಏನಾಗುತ್ತೇನೆಂಬುದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ನಿಲ್ಲಿಸಲಿಲ್ಲ. "ಕ್ಷಮಿಸಿ," ಎಂದಿತು ದ್ವಾರ. "ಈ ಖಾತೆಯನ್ನು ಮುಚ್ಚಲಾಗಿದೆ."

ಮಹಾನಂದಾ ಪಟ್ಟಿ ಬಿಚ್ಚಿದಳು.

"ನಾನು ಮನುಷ್ಯಳೆಂದು ಇಲ್ಲಿರುವ ನಿಮಗೆಲ್ಲ ಗೊತ್ತು," ಎಂದಳು. "ಕುರುಡರು ಮಾಡುವ ಹಾಗೆ ಮೂರು ವಾರ ಕಲಿತು ಮಾಡಿದ್ದೇನೆ. ನಾವು ನಡೆಗುರುತಿಗೆ ಕಲಿಸಿದ್ದು ಕುರುಡರ ನಡೆಯನ್ನಲ್ಲ, ಕಣ್ಣು ಕಟ್ಟಿಕೊಂಡ ನಮ್ಮ ನಡೆಯನ್ನು. ಅದನ್ನು ಕಲಿಸಿದವಳು ನಾನು. ಧಾರವಾಡದಲ್ಲಿ ಒಂದು ನಲವತ್ಮೂರು ದಿನದ ಕೂಸಿದೆ. ನಾಡಿದ್ದು ಅದನ್ನು ತಾಯಿಯಿಂದ ಒಯ್ಯುತ್ತಾರೆ. ನಾನು ಮಾಡಿದ ತಪ್ಪಿಗೆ."

ಗಲಗಲಿಯವರು ಆ ಪಟ್ಟಿಯನ್ನೇ ನೋಡಿದರು. ಆಮೇಲೆ ಎದ್ದು, "ನಾನೂ ಕಟಗೊಂಡಿದ್ದೆ," ಎಂದರು ಮೆಲ್ಲಗೆ. "ಇವರ ಖಾತೆ ಈಗಿಂದೀಗ ತೆರೀಲಿಕ್ಕೆ ಸಮಿತಿ ಒಪ್ಪಿಗಿ ಕೊಡಬೇಕು."

"ಬೇಡ," ಎಂದರು ತಂಗಮ್ಮನವರು. "ಮನೆಯಲ್ಲಿ ಕೂತವರಿಗೆ ಇಲ್ಲದ ದಾರಿ ಇವರಿಗೂ ಬೇಡ. ಎಲ್ಲರಂತೆ ಸಾಕ್ಷಿಗೆ ಕಾಯಲಿ. ಇವತ್ತಿನಿಂದ ಒಂದು ಖಾತೆಯೂ ಮುಚ್ಚಕೂಡದು, ಒಂದು ಮಗುವನ್ನೂ ಒಯ್ಯಕೂಡದು, ನಲವತ್ತೈದು ದಿನದ ಲೆಕ್ಕ ನಿಲ್ಲಲಿ. ನಡೆಗುರುತಿಗೆ ಮತ್ತೆ ಕಲಿಸಿ. ಈ ಸಲ ಯಾರಿಂದ ಎಂದು ನಾನು ಹೇಳಬೇಕಾಗಿಲ್ಲವಲ್ಲ?"

ಐದು ವಾರ ಹಿಡಿಯಿತು. ಆ ಐದು ವಾರ ಮಹಾನಂದಾ ಸರ್ಕಾರದ ಲೆಕ್ಕದಲ್ಲಿ ಯಂತ್ರ. ಸಾಕ್ಷಿ ಹೇಳಬಹುದಾದ ಒಬ್ಬಳೇ ತಂಗಿ ಇನ್ನೂ ಪರೀಕ್ಷೆ ದಾಟಿರಲಿಲ್ಲ. ಬಸ್ಸಿನ ಪಾಸು ಮುಗಿಯಿತು, ಹೊಸದು ಬರಲಿಲ್ಲ. ಹಲ್ಲುನೋವಿಗೆ ಆಸ್ಪತ್ರೆಯ ಸರದಿ ಸಿಗಲಿಲ್ಲ. ಲವಂಗ ಇಟ್ಟುಕೊಂಡು ದವಡೆ ಹಿಡಿದು ಓಡಾಡಿದಳು. ಕಚೇರಿಯ ಪರೀಕ್ಷಾ ಕೋಣೆ ನೆಲಮಹಡಿಗೆ ಇಳಿಯಿತು. ಬ್ರೈಲ್ ಮುದ್ರಣಾಲಯದವರು, ಕುರುಡು ವಕೀಲರು, ಕುರುಡು ವಿದ್ಯಾರ್ಥಿಗಳು, ಕೈ ಬದಲು ಬಾಯಿಯಲ್ಲಿ ಕಡ್ಡಿ ಹಿಡಿದು ಒತ್ತುವವರು, ಒಬ್ಬೊಬ್ಬರ ನಡೆಯೂ ಒಂದೊಂದು ಬಗೆ. ಅವರೊಳಗೆ ತಂಟೆ, ತಮಾಷೆ, ಜಗಳ ಎಲ್ಲ ಇತ್ತು. ಗಲಗಲಿಯವರು ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಕೊನೆಗೆ ನೀಲಾಳ ಮೂರನೆಯ ಪ್ರಯತ್ನದ ದಿನ ಬಂತು. ಅವಳು ಅದನ್ನು ಮನೆಯಲ್ಲಿ ಮಾಡಲು ಒಪ್ಪಲಿಲ್ಲ. "ಅಲ್ಲೇ ಬಂದು ಮಾಡ್ತೀನಿ. ಕೆಂಪ ಬಂದ್ರ ಎಲ್ಲಾರೂ ನೋಡ್ಲಿ," ಎಂದಳು. ಕೂಸು ಮಡಿಲಲ್ಲಿ, ಚನ್ನವೀರ ಪಕ್ಕದಲ್ಲಿ, ಮಹಾನಂದಾ ಬೆನ್ನ ಹಿಂದೆ.

ನೀಲಾ ಒಂದಿಷ್ಟೂ ನಿಧಾನ ಮಾಡಲಿಲ್ಲ. ಜೋಳ ಸುರಿಯಿತು, ಬೆರಳು ಓಡಿತು. ಮಗುವಿನ ಹೆಸರು: ಕಾಶವ್ವ. ತಾಯಿಯ ಹೆಸರು. ತಂದೆಯ ಹೆಸರು. ಮೂವತ್ತೆಂಟನೆಯ ಸೆಕೆಂಡಿಗೆ ಕೈ ಎತ್ತಿದಳು.

"ಸ್ವಾಗತ, ನೀಲಾಂಬಿಕಾ ಅವರೇ," ಎಂದಿತು ದ್ವಾರ. "ನೋಂದಣಿ ಪೂರ್ಣಗೊಂಡಿದೆ."

ಚನ್ನವೀರ ಕೂಸಿನ ಪಾದಕ್ಕೆ ಹಣೆ ಹಚ್ಚಿದ. ಅವನ ಬೆನ್ನು ಅಲುಗುತ್ತಿತ್ತು. ಗಲಗಲಿಯವರು ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ದ್ವಾರ ಮುಂದುವರಿಯಿತು. "ನಿಮ್ಮ ಸಾಕ್ಷಿಗಾಗಿ ಇಬ್ಬರು ಕಾಯುತ್ತಿದ್ದಾರೆ. ಒಂದು: ಚನ್ನವೀರ ಮುಳಗುಂದ. ಇವರು ಮನುಷ್ಯರೆಂದು ನೀವು ಬಲ್ಲಿರಾ?"

ನೀಲಾ ತಡಮಾಡದೆ 'ಹೌದು' ಒತ್ತಿದಳು.

"ಎರಡು: ಮಹಾನಂದಾ ಹಂಪಿಹೊಳಿ. ಇವರು ಮನುಷ್ಯರೆಂದು ನೀವು ಬಲ್ಲಿರಾ?"

ನೀಲಾಳ ಬೆರಳು ಕೀಲಿಯ ಮೇಲೆ ನಿಂತಿತು. ಆ ಕೋಣೆಯಲ್ಲಿ ಅವಳ ಕೈ ನಿಂತದ್ದು ಅದೇ ಮೊದಲು.

"ಅಕ್ಕಾ."

"ಹೇಳs."

"ಖರೇ ಹೇಳು. ಇನ್ನ ಮ್ಯಾಲೆ ನನ್ನ ಬದುಕಿಂದ ನಿನಗೇನರ ತಿಳೀಲಿಲ್ಲಂದ್ರ ನನ್ನ ಕೇಳ್ತೀಯೋ, ಇಲ್ಲಾ ಕಣ್ಣ ಕಟಗೊಂಡ ಕುಂದರತೀಯೋ?"

ಮಹಾನಂದಾ, ತಂಗಿಗೆ ಕಾಣದೆಂದು ಮರೆತು, ತಲೆಯಾಡಿಸಿದಳು. ಆಮೇಲೆ ನೆನಪಾಗಿ, ಬಾಯಿಬಿಟ್ಟು ಹೇಳಿದಳು.

"ಕೇಳ್ತೀನಿ."

"ಹಂಗಾರ ಮನಶ್ಯಾಳ ಅದಿ," ಎಂದು ನೀಲಾ ಕೀಲಿ ಒತ್ತಿ, ಎಚ್ಚರವಾದ ಕೂಸನ್ನು ಎತ್ತಿ ಅಕ್ಕನ ಕೈಗೆ ಕೊಟ್ಟಳು.